ಪದವಿಗೂ ಪಂಪ್‌ಹೌಸಿಗೂ ನಡುವಿನ ಹಾದಿ: ನಮ್ಮ ಸೀಮೆಯಿಂದ ಕಂಡ ಯಂತ್ರಶಿಕ್ಷಣದ ಚರಿತ್ರೆ

ನಮ್ಮ ಮರಿಕಲ್ ಮಂಡಲದ ತೀಲೇರಿನಲ್ಲಿ ಒಂದು ಪಂಪ್‌ಹೌಸ್ ಇದೆ. ಜುರಾಲಾ ಜಲಾಶಯದ ಹಿನ್ನೀರನ್ನು ಎತ್ತಿ ಕೋಯಿಲ್‌ಸಾಗರಕ್ಕೆ ಮುಟ್ಟಿಸುವ ಯೋಜನೆಯಲ್ಲಿ ಅದು ಎರಡನೆಯ ಹಂತದ್ದು. ಹೊಳೆಯ ನೀರು ತಾನಾಗಿ ಎಂದೂ ಏರಿ ಬರಲಾರದ ಎತ್ತರಕ್ಕೆ ಯಂತ್ರಬಲದಿಂದ ಬರುತ್ತದೆ. ಈ ಸೀಮೆಯ ರೈತನಿಗೆ ಯಂತ್ರಶಾಸ್ತ್ರವೆಂಬುದು ಪುಸ್ತಕದ ಮಾತಲ್ಲ. ಕಾಲುವೆಯಲ್ಲಿ ನೀರು ಬಂತೇ ಇಲ್ಲವೇ ಎಂಬುದರಲ್ಲಿ ಅದರ ಪರೀಕ್ಷೆ ಮುಗಿಯುತ್ತದೆ.

ಶತಮಾನೋತ್ಸವದ ಸಿದ್ಧತೆಗಾಗಿ ಶಾಲೆಯಲ್ಲಿ ಸೇರಿದ್ದ ಪಾಲಕರ ಸಭೆಯೊಂದರಲ್ಲಿ ತಂದೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಸರ್, ನನ್ನ ಮಗ ನಾಕು ವರ್ಷ ಮೆಕ್ಯಾನಿಕಲ್ ಓದ್ಯಾನ. ಹೊಲದಾಗಿನ ಬೋರಿನ ಮೋಟಾರ್ ಕೆಟ್ರ ಬಿಚ್ಚಾಕ ಬರಂಗಿಲ್ಲ. ಏನ್ ಕಲಿಸಿದ್ರು ರೀ ಅವಗ?" ನಾನು ಏನೋ ಹೇಳಿ ತಪ್ಪಿಸಿಕೊಂಡೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ಪೂರ್ಣ ನ್ಯಾಯವಾದ ಪ್ರಶ್ನೆಯಲ್ಲ; ವೈದ್ಯಕೀಯ ಓದಿದವನು ಹಲ್ಲು ಕೀಳಲಿಲ್ಲವೆಂದು ದೂರಿದ ಹಾಗೆ. ಪೂರ್ಣ ಅನ್ಯಾಯದ್ದೂ ಅಲ್ಲ. ಇದೇ ಶಾಲೆಯಲ್ಲಿ ಕನ್ನಡದಲ್ಲಿ ಅಕ್ಷರ ಕಲಿತು, ಯಂತ್ರಶಾಸ್ತ್ರದ ಪದವಿ ಪಡೆದು, ಯಂತ್ರಗಳ ನಡುವೆ ಬದುಕು ಸವೆಸಿದ ಹಳೆಯ ವಿದ್ಯಾರ್ಥಿಯಾಗಿ, ಆ ತಂದೆಗೆ ಅಂದು ಕೊಡದೆ ಉಳಿಸಿಕೊಂಡ ಉತ್ತರವನ್ನು ಈ ಸಂಚಿಕೆಯಲ್ಲಿ ಬರೆಯಲು ಯತ್ನಿಸುತ್ತೇನೆ. ಉತ್ತರ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಭಾರತದಲ್ಲಿ ಇಂಜಿನಿಯರ್ ಎಂಬ ಪದವೀಧರನೂ ಯಂತ್ರವನ್ನು ಬಿಚ್ಚಿ ಜೋಡಿಸುವ ಮಿಸ್ತ್ರಿಯೂ ಒಂದೇ ಮನೆಯಲ್ಲಿ ಹುಟ್ಟಿದವರಲ್ಲ. ಪದವೀಧರನನ್ನು ಸೃಷ್ಟಿಸಿದ್ದು ಸರ್ಕಾರದ ಲೋಕೋಪಯೋಗಿ ಇಲಾಖೆಯ ಅಗತ್ಯ. ರೂರ್ಕಿಯ ಕಾಲೇಜು 1847ರಲ್ಲಿ ಆರಂಭವಾದುದು ಮುಖ್ಯವಾಗಿ ಕಾಲುವೆ ಕಟ್ಟಿಸುವವರನ್ನು ತಯಾರು ಮಾಡಲು. ಪುಣೆಯ ಇಂಜಿನಿಯರಿಂಗ್ ತರಗತಿ 1854ರದು. ಮದರಾಸಿನ ಗಿಂಡಿ ಕಾಲೇಜು 1794ರ ಭೂಮಾಪನ ಶಾಲೆಯಿಂದ ಬೆಳೆದದ್ದು. ಅಲ್ಲಿ ಯಂತ್ರಶಾಸ್ತ್ರ ಪ್ರತ್ಯೇಕ ಶಾಖೆಯಾಗಲು 1894ರವರೆಗೆ ಕಾಯಬೇಕಾಯಿತು. ಅಳೆಯುವುದು, ನಕ್ಷೆ ತೆಗೆಯುವುದು, ಅಂದಾಜು ಪಟ್ಟಿ ಬರೆಯುವುದು, ಕೆಲಸ ಮಾಡುವವರ ಮೇಲೆ ನಿಗಾ ಇಡುವುದು, ಇವೇ ಆ ಶಿಕ್ಷಣದ ಮೊದಲ ಗುರಿಗಳು.

ಮಿಸ್ತ್ರಿಯನ್ನು ಸೃಷ್ಟಿಸಿದ್ದು ರೈಲು. ಬೊಂಬಾಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ನಮ್ಮ ನೆರೆಯ ರಾಯಚೂರಿನಲ್ಲಿ ಕೂಡಿದವು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ಗಾಡಿ ಓಡಿತು. ನಿಜಾಮರ ರೈಲ್ವೆಯ ಲಾಲಗುಡ ಕಾರ್ಖಾನೆ 1893ರಲ್ಲಿ ತೆರೆಯಿತು. ಇಂಥ ಕಾರ್ಖಾನೆಗಳಲ್ಲಿ ಬಡಗಿಯ ಮಗ, ಕಮ್ಮಾರನ ಮಗ, ಕೆಲಸ ಹುಡುಕಿ ಬಂದ ಒಕ್ಕಲುಮಗ ಅರವನ್ನೂ ಸುತ್ತಿಗೆಯನ್ನೂ ಹಿಡಿದು ಹಿರಿಯರ ಕೈಕೆಳಗೆ ವರ್ಷಗಟ್ಟಲೆ ಪಳಗಿ ಫಿಟ್ಟರ್ ಆದ. ಅವನಿಗೆ ಪುಸ್ತಕ ಇರಲಿಲ್ಲ. ಪದವೀಧರನಿಗೆ ಅರ ಇರಲಿಲ್ಲ. ಯಂತ್ರದ ಮುಂದೆ ಇಬ್ಬರೂ ಒಟ್ಟಿಗೆ ನಿಂತರೂ ಒಬ್ಬನು ಕುರ್ಚಿಯ ಕಡೆಯವನು, ಇನ್ನೊಬ್ಬನು ಎಣ್ಣೆಯ ಕಡೆಯವನು ಎಂಬ ಭೇದ ಅಂದೇ ಬೇರೂರಿತು. ನಮ್ಮ ಸಮಾಜದಲ್ಲಿ ಕೈಕೆಲಸದ ಬಗ್ಗೆ ಮೊದಲೇ ಇದ್ದ ತಾತ್ಸಾರ ಅದಕ್ಕೆ ನೀರೆರೆಯಿತೆಂಬುದನ್ನು ಮರೆಮಾಚಿ ಫಲವಿಲ್ಲ.

ಈ ಭೇದವನ್ನು ಕಂಡು ಅದಕ್ಕೊಂದು ಮದ್ದು ಹುಡುಕಿದವರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. 1883ರಲ್ಲಿ ಪುಣೆಯಲ್ಲಿ ಓದು ಮುಗಿಸಿದ ಅವರು ಸಿವಿಲ್ ಶಾಖೆಯವರು; ಆದರೂ ಖಡಕವಾಸ್ಲಾ ಅಣೆಕಟ್ಟಿಗೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಶುದ್ಧ ಯಂತ್ರಬುದ್ಧಿಯ ಫಲ. 1908ರ ಮೂಸಿ ನದಿಯ ಮಹಾಪೂರದ ಬಳಿಕ ಹೈದರಾಬಾದನ್ನು ಕಾಪಾಡುವ ಯೋಜನೆ ರೂಪಿಸಿದವರೂ ಅವರೇ ಆದ್ದರಿಂದ ನಮ್ಮ ಕಡೆಯವರಿಗೆ ಅವರ ಹೆಸರು ದೂರದ್ದಲ್ಲ. ಅವರು ಮೈಸೂರಿನ ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ಸಿವಿಲ್ ಜೊತೆಗೆ ಮೆಕ್ಯಾನಿಕಲ್ ಶಾಖೆಯೂ ಮೊದಲಿನಿಂದಲೇ ಅಲ್ಲಿತ್ತು. ಗಮನಿಸಬೇಕಾದುದು ಕಾಲೇಜಿಗಿಂತ ಹೆಚ್ಚಾಗಿ ಅದರ ಸುತ್ತಲಿನದನ್ನು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಬೆಂಗಳೂರಿನಲ್ಲಿ 1940ರಲ್ಲಿ ವಿಮಾನ ಕಾರ್ಖಾನೆ ಬಂತು. 1943ರಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಶಿಕ್ಷಣ ಸಂಸ್ಥೆ ಬಂತು. 1953ರಲ್ಲಿ ಎಚ್‌ಎಂಟಿ ಬಂತು. ಹುಡುಗ ಕಾಲೇಜಿನಿಂದ ಹೊರಬರುವ ಹೊತ್ತಿಗೆ ಅವನನ್ನು ಒಳಗೆ ಕರೆದು ಉಳಿದರ್ಧ ಕಲಿಸಲು ಒಂದು ಕಾರ್ಖಾನೆ ಕಾದಿರುತ್ತಿತ್ತು. ಮೈಸೂರಿನ ಇಂಜಿನಿಯರುಗಳ ಕೀರ್ತಿಯ ಗುಟ್ಟು ಪಠ್ಯಪುಸ್ತಕದಲ್ಲಿ ಇರಲಿಲ್ಲವೆಂದೇ ನನ್ನ ಎಣಿಕೆ.

ನಮ್ಮ ಕಡೆಯ ಕಥೆ ಬೇರೆ. ಈ ಶಾಲೆ ಆರಂಭವಾದಾಗ ಮರಿಕಲ್, ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಎಲ್ಲವೂ ಹೈದರಾಬಾದ್ ಸಂಸ್ಥಾನದ ಒಳಗಿದ್ದವು. ಕನ್ನಡದಲ್ಲಿ ಓದಿದ ಮಗುವಿಗೆ ಮೇಲಿನ ಬಾಗಿಲು ಉರ್ದುವಿನದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉರ್ದು ಮಾಧ್ಯಮದಲ್ಲಿ ಉನ್ನತ ಶಿಕ್ಷಣ ಕೊಡುವ ಸಾಹಸ ಮಾಡಿತು. ಅದಕ್ಕಾಗಿಯೇ ಸ್ಥಾಪಿಸಿದ ಭಾಷಾಂತರ ಇಲಾಖೆ, ದಾರ್-ಉಲ್-ತರ್ಜುಮಾ, ವಿಜ್ಞಾನದ ಹಾಗೂ ತಾಂತ್ರಿಕ ವಿಷಯಗಳ ಪುಸ್ತಕಗಳನ್ನು ಉರ್ದುವಿಗೆ ತಂದಿತು. ಅದರ ಇಂಜಿನಿಯರಿಂಗ್ ಕಾಲೇಜು 1929ರಲ್ಲಿ ತೆರೆಯಿತು. ಯಂತ್ರವಿದ್ಯೆಯನ್ನು ಭಾರತೀಯ ಭಾಷೆಯಲ್ಲಿ ಕಲಿಸಲಾಗದು ಎನ್ನುವವರು ಈ ಅಧ್ಯಾಯವನ್ನು ಮರೆತಿರುತ್ತಾರೆ. ಅದು ನಮ್ಮ ಮಕ್ಕಳ ಭಾಷೆಯಾಗಿರಲಿಲ್ಲ, ಬಹುಪಾಲು ಪ್ರಜೆಗಳ ಮನೆಮಾತೂ ಆಗಿರಲಿಲ್ಲ ಎಂಬುದು ಆ ಸಾಹಸದ ದೋಷ. ಕಲಿಸಲು ಸಾಧ್ಯವಾಯಿತು ಎಂಬುದು ಅದರ ಸಾಕ್ಷ್ಯ. 1948ರ ಪೊಲೀಸ್ ಕಾರ್ಯಾಚರಣೆಯ ಬಳಿಕ ಆ ಸ್ಥಾನಕ್ಕೆ ಇಂಗ್ಲಿಷ್ ಬಂತು.

ಬಳಿಕ 1956ರ ನವೆಂಬರ್ 1. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಹೋದವು. ರಾಯಚೂರಿನಲ್ಲಿದ್ದ ಗದ್ವಾಲ್ ಮತ್ತು ಆಲಂಪುರ, ಕಲಬುರಗಿಯಲ್ಲಿದ್ದ ಕೊಡಂಗಲ್ ಆಂಧ್ರದ ಪಾಲಿಗೆ ಬಂದವು. ನಾವು ಇದ್ದಲ್ಲೇ ಇದ್ದೆವು. ಗಡಿ ನಮ್ಮ ಬಳಿಗೆ ಬಂತು. ಕಲಬುರಗಿಯಲ್ಲಿ 1958ರಲ್ಲಿ ದೊಡ್ಡಪ್ಪ ಅಪ್ಪ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ಆರಂಭವಾದಾಗ ಅದು ನಮಗೆ ಭಾಷೆಯಿಂದ ಹತ್ತಿರ, ರಾಜ್ಯದಿಂದ ಪರದೇಶ. ಹೈದರಾಬಾದಿನಲ್ಲಿ 1942ರ ಆಲ್ವಿನ್, 1943ರ ಪ್ರಾಗಾ ಟೂಲ್ಸ್, ಅನಂತರ ರಾಮಚಂದ್ರಾಪುರದ ಬಿಎಚ್‌ಇಎಲ್ ಇದ್ದವು. ಅವು ರಾಜ್ಯದಿಂದ ನಮ್ಮವು, ಮಾತಿನಿಂದ ಬೇರೆ. ಕೃಷ್ಣೆಯ ಆಚೆ ದಡದ ಶಕ್ತಿನಗರದಲ್ಲಿ 1985ರಲ್ಲಿ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ 210 ಮೆಗಾವ್ಯಾಟ್ ಘಟಕ ಉರಿಯತೊಡಗಿತು. ಇಂದು ಎಂಟು ಘಟಕಗಳು ಸೇರಿ ಅದರ ಸಾಮರ್ಥ್ಯ 1720 ಮೆಗಾವ್ಯಾಟ್. ಈಚೆ ದಡದ ಕೃಷ್ಣಾ ಸ್ಟೇಷನ್ನಿನ ಕಡೆ ನಿಂತರೆ ಅದರ ಚಿಮಣಿಗಳು ಕಾಣುತ್ತವೆ. ಮೆಕ್ಯಾನಿಕಲ್ ಓದುವ ಹುಡುಗನಿಗೆ ಅದಕ್ಕಿಂತ ದೊಡ್ಡ ಪಾಠಶಾಲೆ ಈ ಸೀಮೆಯಲ್ಲಿಲ್ಲ. ಬಾಯ್ಲರ್, ಟರ್ಬೈನ್, ಕಂಡೆನ್ಸರ್, ನೂರಾರು ಪಂಪುಗಳು ಒಂದೇ ಆವರಣದೊಳಗೆ ಇವೆ.

ಈಗ ಆ ತಂದೆಯ ಪ್ರಶ್ನೆಯ ಒಳಗೆ ಇಳಿಯೋಣ. ಪದವಿ ಏನು ಕಲಿಸುತ್ತದೆ, ಕೆಲಸ ಏನು ಕೇಳುತ್ತದೆ? ಇಲ್ಲಿ ನನ್ನ ಅನುಭವವನ್ನೇ ಹೇಳುವುದು ಪ್ರಾಮಾಣಿಕವಾದೀತು.

1961ರ ಅಪ್ರೆಂಟಿಸ್ ಕಾಯ್ದೆಗೆ 1973ರಲ್ಲಿ ತಿದ್ದುಪಡಿಯಾಗಿ ಪದವೀಧರರನ್ನೂ ಡಿಪ್ಲೊಮಾದವರನ್ನೂ ಅದರೊಳಗೆ ಸೇರಿಸಿಕೊಳ್ಳಲಾಯಿತು. ಕೆಲವು ವರ್ಷಗಳ ನಂತರ ಆ ಕಾಯ್ದೆಯ ಪುಣ್ಯದಿಂದಲೇ ನಾನೊಂದು ಸ್ಥಾವರದೊಳಗೆ ಕಾಲಿಟ್ಟೆ. ಒಂದು ನೀರಿನ ಪಂಪು ಪದೇಪದೇ ಬೇರಿಂಗ್ ಸುಡುತ್ತಿತ್ತು. ನಾನು ಬೇರಿಂಗಿನ ಆಯುಷ್ಯದ ಸೂತ್ರ ಬರೆದು, ಭಾರ ಲೆಕ್ಕ ಹಾಕಿ, ಇನ್ನೂ ದೊಡ್ಡ ಬೇರಿಂಗ್ ಬೇಕೆಂದು ಟಿಪ್ಪಣಿ ಸಿದ್ಧಪಡಿಸಿದೆ. ಎರಡು ಬಾರಿ ಬದಲಾಯಿಸಿದ್ದಾಯಿತು. ಮೂರನೆಯ ಸಲ ಹಿರಿಯ ಫಿಟ್ಟರೊಬ್ಬರು, ರಾಯಚೂರು ಕಡೆಯವರು, ನಾನು ಮುಗಿಸುವವರೆಗೆ ಸುಮ್ಮನೆ ನಿಂತಿದ್ದು ಹೇಳಿದರು: "ಸಾಹೇಬ್ರ, ಬೇರಿಂಗಿಂದೇನು ತಪ್ಪಿಲ್ಲ. ಅದರ ಕಾಲು ಕುಂತಿಲ್ಲ ನೋಡ್ರಿ." ಮೋಟಾರಿನ ನಾಲ್ಕು ಪಾದಗಳಲ್ಲಿ ಒಂದು ಅಡಿಪಟ್ಟಿಯ ಮೇಲೆ ಸಮವಾಗಿ ಕೂತಿರಲಿಲ್ಲ. ಬೋಲ್ಟ್ ಬಿಗಿದಾಗಲೆಲ್ಲ ಮೋಟಾರಿನ ಒಡಲು ಒಂದಿಷ್ಟು ತಿರುಚಿ, ಅದರ ದಂಡಕ್ಕೂ ಪಂಪಿನ ದಂಡಕ್ಕೂ ಇದ್ದ ಸಾಲು ತಪ್ಪುತ್ತಿತ್ತು. ಅವರು ಬೋಲ್ಟ್ ಸಡಿಲಿಸಿ, ಡಯಲ್ ಗೇಜಿನ ಮುಳ್ಳು ಜಿಗಿದದ್ದನ್ನು ತೋರಿಸಿ, ಕೂದಲಿಗಿಂತ ಸ್ವಲ್ಪ ದಪ್ಪದ ತಗಡಿನ ಚೂರನ್ನು ಪಾದದ ಕೆಳಗೆ ತೂರಿಸಿದರು. ಪಂಪು ಶಾಂತವಾಯಿತು. ನನ್ನ ಟಿಪ್ಪಣಿಯನ್ನು ನಾನೇ ಹರಿದುಹಾಕಿದೆ.

ಇಷ್ಟಕ್ಕೆ ನಿಲ್ಲಿಸಿದರೆ ಪದವಿ ವ್ಯರ್ಥವೆಂದು ತೋರೀತು. ಸಭೆಗಳಲ್ಲಿ ಇಂಥ ಕಥೆ ಹೇಳಿ ಚಪ್ಪಾಳೆ ಗಿಟ್ಟಿಸುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದನ್ನೂ ಹೇಳಬೇಕು. ಅದೇ ಸ್ಥಾವರದಲ್ಲಿ ಒಂದು ಉದ್ದನೆಯ ಕೊಳವೆಗೆ ಒಂದು ಪಂಪು ನೀರು ತಳ್ಳುತ್ತಿತ್ತು. ನೀರು ಸಾಲದೆಂದು ಪಕ್ಕದಲ್ಲಿ ಅಷ್ಟೇ ಶಕ್ತಿಯ ಇನ್ನೊಂದನ್ನು ಜೋಡಿಸಿದರು. ನೀರು ದುಪ್ಪಟ್ಟಾಗಲಿಲ್ಲ, ಕಾಲುಪಾಲು ಹೆಚ್ಚಿತು, ಅಷ್ಟೆ. ಹೊಸ ಪಂಪಿನಲ್ಲಿ ದೋಷವಿದೆಯೆಂದು ಎಲ್ಲರೂ ತೀರ್ಮಾನಿಸಿದರು, ನನ್ನ ಗುರುವಿನಂತಿದ್ದ ಆ ಫಿಟ್ಟರೂ ಸಹ. ದೋಷ ಪಂಪಿನದಾಗಿರಲಿಲ್ಲ. ಕೊಳವೆಯೊಳಗೆ ನೀರಿನ ವೇಗ ಎರಡು ಪಟ್ಟಾದರೆ ಘರ್ಷಣೆಯ ತಡೆ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ. ಆ ತಡೆಯ ಎದುರು ಎರಡೂ ಪಂಪುಗಳು ತಮ್ಮ ಪೂರ್ಣ ಪ್ರಮಾಣ ಕೊಡಲಾರವು. ಕಾಲೇಜಿನಲ್ಲಿ ಬೇಸರದಿಂದ ಬಿಡಿಸಿದ್ದ ಎರಡು ವಕ್ರರೇಖೆಗಳನ್ನು ಒಂದು ಹಾಳೆಯ ಮೇಲೆ ಎಳೆದು, ಅವು ಎಲ್ಲಿ ಸಂಧಿಸುತ್ತವೆ ಎಂದು ತೋರಿಸಿದೆ. ಬೇಕಾದದ್ದು ಮೂರನೆಯ ಪಂಪಲ್ಲ, ಅಗಲವಾದ ಕೊಳವೆ. ಕಿವಿಯಿಂದ, ಕೈಯಿಂದ, ನಲವತ್ತು ವರ್ಷದ ಅನುಭವದಿಂದಲೂ ಇದನ್ನು ಕಾಣಲಾಗದು. ಲೆಕ್ಕದಿಂದ ಮಾತ್ರ ಕಾಣುತ್ತದೆ. ತೀಲೇರಿನಂಥ ಏತ ನೀರಾವರಿಯ ವಿನ್ಯಾಸ ನಿಂತಿರುವುದೂ ಇದೇ ಲೆಕ್ಕದ ಮೇಲೆ.

ಹೀಗೆ ಪದವಿ ಒಂದು ಬಗೆಯ ಕಣ್ಣು ಕೊಡುತ್ತದೆ, ಕಾರ್ಖಾನೆ ಇನ್ನೊಂದು ಬಗೆಯದನ್ನು ಕೊಡುತ್ತದೆ. ಇದು ನಮ್ಮಲ್ಲಿ ಮಾತ್ರ ಕಂಡ ಸತ್ಯವಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲಿ 27 ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಆರಂಭಿಸಿದರು. ವಿದ್ಯಾರ್ಥಿಗಳು ಸರದಿಯ ಮೇಲೆ ಕೆಲಕಾಲ ತರಗತಿಯಲ್ಲಿ, ಕೆಲಕಾಲ ಕೂಲಿ ಪಡೆದು ಕಾರ್ಖಾನೆಯಲ್ಲಿ ಇರಬೇಕು. ಆ ಪದ್ಧತಿ ಇಂದಿಗೂ ಲೋಕದಲ್ಲೆಲ್ಲ ನಡೆದಿದೆ. ಊರಿನಲ್ಲಿ ಕಾರ್ಖಾನೆಗಳಿದ್ದವು, ಅವು ಹುಡುಗರನ್ನು ಒಳಗೆ ಬಿಟ್ಟುಕೊಂಡವು ಎಂಬುದೇ ಅದರ ಯಶಸ್ಸಿನ ಮೊದಲ ಷರತ್ತು.

ನಮ್ಮಲ್ಲಿ ಕುಸಿದದ್ದು ಆ ಷರತ್ತೇ. ಎಂಸೆಟ್ 1986ರಲ್ಲಿ, ಕರ್ನಾಟಕದ ಸಿಇಟಿ 1994ರಲ್ಲಿ ಬಂದವು. 1998ರಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬಂತು. ಬಡವರ ಮಕ್ಕಳಿಗೂ ಬಾಗಿಲು ತೆರೆಯಿತು. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಶುಲ್ಕ ಮರುಪಾವತಿ ಯೋಜನೆಯ ಬಳಿಕ ಅಂದಿನ ಆಂಧ್ರಪ್ರದೇಶದಲ್ಲಿ ಇಂಜಿನಿಯರಿಂಗ್ ಕಾಲೇಜುಗಳ ಸಂಖ್ಯೆ ಸುಮಾರು 700ಕ್ಕೆ ಏರಿತು. ಕಾಲೇಜುಗಳು ಹೆಚ್ಚಿದ ಅದೇ ವರ್ಷಗಳಲ್ಲಿ ಕಲಿಸುವ ಕಾರ್ಖಾನೆಗಳು ಒಂದೊಂದಾಗಿ ಸೊರಗಿದವು. ಆಲ್ವಿನ್ ಹೋಯಿತು. 2016ರ ಜನವರಿಯಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿಯ ಜೊತೆಗೆ ಹೈದರಾಬಾದಿನ ಎಚ್‌ಎಂಟಿ ಬೇರಿಂಗ್ಸ್‌ ಅನ್ನೂ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಹೊಸ ಕಾರ್ಖಾನೆಗಳು ಬರಲಿಲ್ಲವೆಂದಲ್ಲ. ಬಂದವು ಮಹಾನಗರಗಳ ಸುತ್ತ ಬಂದವು, ಹೊಸಬನಿಗೆ ವರ್ಷವಿಡೀ ಕಲಿಸುವ ತಾಳ್ಮೆ ಅವುಗಳಲ್ಲಿ ಕಡಿಮೆ. ಇತ್ತ ಅನೇಕ ಕಾಲೇಜುಗಳ ವರ್ಕ್‌ಶಾಪು ರೆಕಾರ್ಡ್ ಪುಸ್ತಕದೊಳಗೆ ಸೇರಿಹೋಯಿತು. ಹತ್ತು ಹುಡುಗರಿಗೆ ಒಂದು ಲೇತ್. ಒಬ್ಬನು ತಿರುಗಿಸುತ್ತಾನೆ, ಒಂಬತ್ತು ಮಂದಿ ಬರೆದುಕೊಳ್ಳುತ್ತಾರೆ.

2019ರಲ್ಲಿ ಒಂದು ಖಾಸಗಿ ಸಂಸ್ಥೆಯ ವರದಿ ಭಾರತದ ಇಂಜಿನಿಯರುಗಳಲ್ಲಿ 80 ಪ್ರತಿಶತಕ್ಕೂ ಹೆಚ್ಚು ಮಂದಿ ಜ್ಞಾನಾಧಾರಿತ ಉದ್ಯೋಗಗಳಿಗೆ ಅರ್ಹರಲ್ಲವೆಂದಿತು. ಪಾಲಕರು ಆ ಅಂಕಿಯನ್ನು ಬಾಯಿಪಾಠ ಮಾಡಿದ್ದಾರೆ. ನಾನು ಅದನ್ನು ಅರ್ಧ ಮಾತ್ರ ನಂಬುತ್ತೇನೆ. ಅರ್ಹತೆಯ ಪರೀಕ್ಷೆಯನ್ನೇ ವ್ಯಾಪಾರವಾಗಿಸಿಕೊಂಡ ಸಂಸ್ಥೆಯ ಅಳತೆ ಅದು. ಪಂಪಿನ ಪಾದ ಕೂತಿದೆಯೇ ಎಂದು ನೋಡಬಲ್ಲವನನ್ನು ಅಳೆಯುವ ಮಾಪಕ ಅದರಲ್ಲಿರಲಿಲ್ಲ. ಆದರೆ ಎಲ್ಲವೂ ಸರಿಯಿದ್ದಿದ್ದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2018ರ ಮಾದರಿ ಪಠ್ಯಕ್ರಮದಲ್ಲಿ ಪದವಿಯ ಒಟ್ಟು ಕ್ರೆಡಿಟ್‌ಗಳನ್ನು 160ಕ್ಕೆ ಇಳಿಸಿ ಇಂಟರ್ನ್‌ಶಿಪ್ಪಿಗೆ ಜಾಗ ಮಾಡಬೇಕಾಗಿರಲಿಲ್ಲ. ಕ್ರಮ ಸರಿಯಾದದ್ದೇ. ಇಂಟರ್ನ್‌ಶಿಪ್ಪಿನ ಪ್ರಮಾಣಪತ್ರ ಕಾರ್ಖಾನೆಯ ಬಾಗಿಲು ಕಾಣದೆಯೇ ಕೈಸೇರುವುದುಂಟು ಎಂಬುದನ್ನು ಮಾತ್ರ ಇಲ್ಲಿ ಸೇರಿಸಬೇಕು.

ನಮ್ಮ ಮಕ್ಕಳಿಗೆ ಇನ್ನೂ ಒಂದು ಮೆಟ್ಟಿಲಿದೆ: ಭಾಷೆ. ಕರ್ನಾಟಕದ ಸಿಇಟಿಯಲ್ಲಿ ಹೊರನಾಡು ಮತ್ತು ಗಡಿನಾಡು ಕನ್ನಡಿಗರಿಗೆ ಅವಕಾಶವಿದೆ. ಅದಕ್ಕಾಗಿ ಅವರು ಕನ್ನಡ ಭಾಷಾ ಪರೀಕ್ಷೆಯೊಂದನ್ನು ಬರೆದು ತಾವು ಕನ್ನಡಿಗರೆಂದು ತೋರಿಸಬೇಕು. ತೋರಿಸಿ ಒಳಹೊಕ್ಕ ಮರುದಿನದಿಂದ ಪಾಠವೆಲ್ಲ ಇಂಗ್ಲಿಷಿನಲ್ಲಿ! 2021ರಲ್ಲಿ ತಾಂತ್ರಿಕ ಶಿಕ್ಷಣ ಮಂಡಳಿ ದೇಶಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ಕೊಟ್ಟಾಗ ಕರ್ನಾಟಕದಲ್ಲಿ ಮುಂದೆ ಬಂದ ಕಾಲೇಜುಗಳಲ್ಲಿ ಬೀದರ್ ಜಿಲ್ಲೆಯ ಭಾಲ್ಕಿಯ ಕಾಲೇಜೂ ಒಂದು. ಸೇರಲು ಮುಂದೆ ಬಂದವರು ಬೆರಳೆಣಿಕೆಯಷ್ಟೂ ಇರಲಿಲ್ಲವೆನ್ನಬೇಕು. ಪಾಲಕರನ್ನು ದೂಷಿಸಲಾರೆ. ಕನ್ನಡದಲ್ಲಿ ಪದವಿ ಪಡೆದವನಿಗೆ ಕನ್ನಡದಲ್ಲಿ ಸಂದರ್ಶನ ಮಾಡುವ ಕಂಪನಿ ಯಾವುದೆಂದು ಅವರಿಗೆ ಯಾರೂ ಹೇಳಲಿಲ್ಲ.

ಆದರೆ ಇದೇ ಭಯದಿಂದ ಒಂದನೆಯ ತರಗತಿಯಿಂದಲೇ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವುದು ಬೇರೆ ಮಾತು. ಅದನ್ನು ನಾನು ಒಪ್ಪಲಾರೆ. ಕಾಲೇಜಿನ ಮೊದಲ ವರ್ಷ ನಾನು ತಡವರಿಸಿದ್ದು ನಿಜ. ತಡವರಿಸಿದ್ದು ಗಣಿತದಲ್ಲಲ್ಲ, ವಾಕ್ಯಗಳಲ್ಲಿ. ಒತ್ತಡವೆಂದರೇನು, ಬಲವೆಂದರೇನು, ಜಡತ್ವವೆಂದರೇನು ಎಂಬುದನ್ನು ಈ ಶಾಲೆಯ ಮೇಷ್ಟ್ರು ಬಾವಿಯ ರಾಟೆ, ಬಂಡಿಯ ಗಾಲಿ, ಏತದ ಮರ ತೋರಿಸಿ ತಿಳಿಸಿಕೊಟ್ಟಿದ್ದರು. ಆ ತಿಳಿವಳಿಕೆಗೆ ಇಂಗ್ಲಿಷ್ ಹೆಸರು ಅಂಟಿಸಲು ಒಂದು ವರ್ಷ ಸಾಕಾಯಿತು. ಹೆಸರನ್ನಷ್ಟೇ ಮೊದಲು ಕಲಿತು ಬಂದ ಸಹಪಾಠಿಗಳಿಗೆ ವಸ್ತುವನ್ನು ಹುಡುಕಲು ಹೆಚ್ಚು ಕಾಲ ಹಿಡಿದದ್ದನ್ನು ನೋಡಿದ್ದೇನೆ. ಇನ್ನು ಯಂತ್ರದ ಬಳಿಯ ಭಾಷೆ ಯಾವುದು? ತೆಲುಗು, ಕನ್ನಡ, ಉರ್ದು ಕಲಸಿದ ಮಾತು. ಅದರ ನಡುವೆ ಬೇರಿಂಗ್, ಗ್ಲ್ಯಾಂಡ್, ವಾಲ್ವ್. ಮೂರು ಭಾಷೆಗಳ ನಡುವೆ ಬೆಳೆದ ಮರಿಕಲ್ಲಿನ ಹುಡುಗನಿಗೆ ಅಲ್ಲಿ ಯಾವ ಕಷ್ಟವೂ ಇಲ್ಲ.

ಆದ್ದರಿಂದ ಆ ತಂದೆಗೆ ನನ್ನ ಉತ್ತರ: ನಿಮ್ಮ ಮಗನಿಗೆ ಅರ್ಧ ಕಲಿಸಿದ್ದಾರೆ, ಚೆನ್ನಾಗಿ ಕಲಿಸಿದ್ದರೆ ಅದು ಬೆಲೆಯುಳ್ಳ ಅರ್ಧ. ಉಳಿದರ್ಧಕ್ಕೆ ಅವನಿಗೆ ಒಂದು ವರ್ಷ ಯಂತ್ರಗಳ ನಡುವೆ ಜಾಗ ಬೇಕು. ಸಂಬಳ ಕಡಿಮೆಯೆಂದು ಅಪ್ರೆಂಟಿಸ್ ಅವಕಾಶವನ್ನು ಬಿಡಿಸಬೇಡಿ. ತಮ್ಮನನ್ನೋ ತಂಗಿಯನ್ನೋ ಕಾಲೇಜಿಗೆ ಸೇರಿಸುವಾಗ ಕಟ್ಟಡವನ್ನೂ ಬಸ್ಸುಗಳನ್ನೂ ನೋಡಿ ಬರಬೇಡಿ. ವರ್ಕ್‌ಶಾಪಿಗೆ ಹೋಗಿ ಲೇತುಗಳ ಮೇಲೆ ಕಬ್ಬಿಣದ ಚೂರು ಬಿದ್ದಿದೆಯೇ, ಧೂಳು ಬಿದ್ದಿದೆಯೇ ನೋಡಿ. ಎರಡನೆಯ ವರ್ಷದ ಹುಡುಗನನ್ನು ಕರೆದು, ವಾರಕ್ಕೆ ಎಷ್ಟು ಗಂಟೆ ನೀನೇ ಕೈಯಾರೆ ಯಂತ್ರ ಮುಟ್ಟುತ್ತೀ ಎಂದು ಕೇಳಿ.

ಹಳೆಯ ವಿದ್ಯಾರ್ಥಿಗಳಿಗೆ ಬೇರೆ ಕೋರಿಕೆ. ಈ ಶಾಲೆಯಿಂದ ಹೋದವರಲ್ಲಿ ವಿದ್ಯುತ್ ಕೇಂದ್ರಗಳಲ್ಲಿ, ಏತ ನೀರಾವರಿಯಲ್ಲಿ, ರೈಲ್ವೆಯಲ್ಲಿ, ಹೈದರಾಬಾದಿನ ಕಾರ್ಖಾನೆಗಳಲ್ಲಿ ಇರುವವರುಂಟು. ದೇವರಕದ್ರದಿಂದ ನಮ್ಮ ಕಡೆಗೆ ಬಂದ ಹೊಸ ರೈಲುಮಾರ್ಗದ ಜಕ್ಲೇರ್‌–ಕೃಷ್ಣಾ ಭಾಗ 2023ರ ಅಕ್ಟೋಬರ್ 1ರಂದು ಉದ್ಘಾಟನೆಯಾದ ಮೇಲೆ ರಾಯಚೂರಿಗೆ ಹೋಗಿಬರುವುದು ಸುಲಭವಾಗಿದೆ. ಬೇಸಿಗೆ ರಜೆಯಲ್ಲಿ ಒಬ್ಬ ಹುಡುಗನಿಗೋ ಹುಡುಗಿಗೋ ಎರಡು ವಾರ ತಮ್ಮ ಜೊತೆ ನಿಂತು ನೋಡಲು ಅನುಮತಿ ಕೊಡಿಸಬಲ್ಲವರು ಮುಖ್ಯೋಪಾಧ್ಯಾಯರಲ್ಲಿ ಹೆಸರು ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ. ಡಯಲ್ ಗೇಜು ಹಿಡಿಯುವುದನ್ನು ಕಲಿಸಲು ನಾನು ಪ್ರತಿ ಭಾನುವಾರ ಬೆಳಿಗ್ಗೆ ಶಾಲೆಯಲ್ಲಿರುತ್ತೇನೆ. ಗೇಜು ನನ್ನದೇ ಇದೆ, ಕಲಿಯಲು ಒಂದು ಹಳೆಯ ಪಂಪನ್ನು ಯಾರಾದರೂ ಕೊಟ್ಟರೆ ಉಪಕಾರವಾದೀತು.